ಮಧ್ಯಾಹ್ನ ಬಾಡಿದ ಎಲೆಯನ್ನು ನಂಬಬೇಡಿ

ಬೇಸಿಗೆಯಲ್ಲಿ ಕನಿಕರ ಜಾಸ್ತಿಯಾಗಿಯೂ ಗಿಡ ಸಾಯುತ್ತದೆ. ಮಟಮಟ ಮಧ್ಯಾಹ್ನ ಕುಂಬಳದ ಅಗಲ ಎಲೆಗಳು ಜೋತುಬಿದ್ದಿದ್ದು ಕಂಡರೆ ಸಾಕು, ಅಮ್ಮ ಚೊಂಬು ಹಿಡಿದು ಹೊರಡುತ್ತಾಳೆ. "ಪಾಪ, ಬಾಯಾರಿದೆ ಕಣೋ ಅದಕ್ಕೆ!" "ಸಂಜೆವರೆಗೆ ಬಿಡಮ್ಮ, ತಾನೇ ಏಳುತ್ತೆ" ಅಂತ ನಾನು. ಬೇರು ಎಳೆದುಕೊಳ್ಳುವುದಕ್ಕಿಂತ ಹೆಚ್ಚು ನೀರು ಎಲೆಯಿಂದ ಆವಿಯಾಗುವ ಹೊತ್ತು ಅದು; ಮಣ್ಣು ಒದ್ದೆಯಿದ್ದರೂ ಎಲೆ ಸೊರಗುತ್ತದೆ. ಬಿಸಿಲಿಳಿದ ಮೇಲೆ ನೆಟ್ಟಗಾದರೆ ಗಿಡಕ್ಕೆ ಏನೂ ಆಗಿಲ್ಲ. ಬೆಳಗ್ಗೆಯೂ ತಲೆ ತಗ್ಗಿಸಿಕೊಂಡೇ ಇದ್ದರೆ ಒಂದೋ ನಿಜವಾಗಿ ನೀರು ಸಾಲದು, ಇಲ್ಲವೇ ಬೇರು ಕೊಳೆತಿದೆ. ಬೇರು ಕೊಳೆತ ಗಿಡವೂ ಹೀಗೇ ಬಾಡುತ್ತದೆ. ಅದಕ್ಕೆ ಮತ್ತೆ ನೀರು ಸುರಿದರೆ ಮುಗಿಯಿತು ಕಥೆ.

ಹಾಗಾಗಿ ಎಲೆ ಬಿಟ್ಟು ಮಣ್ಣಿಗೆ ಬೆರಳು ಹಾಕುತ್ತೇನೆ. ಎರಡನೇ ಗೆಣ್ಣಿನವರೆಗೆ ಒಣಗಿದ್ದರೆ ನೀರು, ತಂಪು ತಗುಲಿದರೆ ನಾಳೆ. ಸಣ್ಣ ಕುಂಡವಾದರೆ ಎತ್ತಿ ನೋಡಿದರೇ ಗೊತ್ತಾಗುತ್ತದೆ.

ನೀರು ಹಾಕುವುದೇನಿದ್ದರೂ ಬಿಸಿಲೇರುವ ಮುಂಚೆ. ದಿನಾ ಮೇಲೆ ಮೇಲೆ ಚಿಮುಕಿಸುವುದು ನನಗೆ ಸುತಾರಾಂ ಹಿಡಿಸದ ಕೆಲಸ. ಮೇಲ್ಮಣ್ಣಷ್ಟೇ ನೆನೆದರೆ ಬೇರೂ ಅಲ್ಲೇ ಸುಳಿದಾಡಿಕೊಂಡಿದ್ದು ಬಿಸಿಗೆ ಸಿಕ್ಕಿಬೀಳುತ್ತದೆ. ನೆಲದ ಗಿಡಗಳಿಗೆ ಎರಡು ಮೂರು ದಿನ ಬಿಟ್ಟರೂ ಚಿಂತೆಯಿಲ್ಲ, ಹಾಕಿದಾಗ ಬುಡ ತುಂಬ ಹಾಕಬೇಕು. ಒಂದು ಚದರ ಮೀಟರ್ ಪಾತಿಗೆ 25 ಲೀಟರ್ ಹೊಯ್ದರೆ 25 ಮಿಲಿಮೀಟರ್ ಮಳೆಯ ಲೆಕ್ಕ. ಒಂದು ಚೊಂಬು ಎಷ್ಟರದು ಅಂತ ಆಗ ಅಂದಾಜಾಗುತ್ತದೆ.

ಕುಂಡಗಳದ್ದು ಬೇರೆಯೇ ನ್ಯಾಯ. ಅವಕ್ಕೆ ದಿನಾ ಬೇಕಾಗಬಹುದು. ಅದರಲ್ಲೂ ಒಂದು ಮೋಸವಿದೆ: ಪೂರ್ತಿ ಒಣಗಿದ ಮಣ್ಣು ಕುಗ್ಗಿ ಕುಂಡದ ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ಮೇಲಿಂದ ಹೊಯ್ದ ನೀರು ಆ ಸಂದಿಯಲ್ಲಿ ಸರ್ರನೆ ಇಳಿದು ತಳದ ತೂತಿನಿಂದ ಹೊರಗೆ ಬರುತ್ತದೆ. ಭರ್ತಿಯಾಯಿತು ಅಂದುಕೊಂಡು ನಾವು ಮುಂದಿನ ಕುಂಡಕ್ಕೆ ಹೋಗುತ್ತೇವೆ. ನಡುವಿನ ಬೇರುಮುದ್ದೆ ಮಾತ್ರ ಒಣ ಪುಡಿ. ಅಂಥದ್ದನ್ನು ನೀರಿನ ಟಬ್ಬಿನಲ್ಲಿ ಇಳಿಸಿಡುತ್ತೇನೆ. ಗುಳುಗುಳು ಗುಳ್ಳೆ ಏಳುವುದು ನಿಂತ ಮೇಲೆ ಎತ್ತಿದರೆ ಕೈ ಜಗ್ಗುತ್ತದೆ, ಅಷ್ಟು ಭಾರ.

ತರಗೆಲೆ ಗುಡಿಸಿ ಸುಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೂರು ನಾಲ್ಕು ಬೆರಳು ದಪ್ಪಕ್ಕೆ ಬುಡದ ಸುತ್ತ ಹರಡಿದರೆ ಮಣ್ಣಿನ ತೇವ ಆರದಂತೆ ಕಾಯಲು ಅದಕ್ಕಿಂತ ಒಳ್ಳೆಯ ಮುಚ್ಚಿಗೆ ಬೇಕೇ? ಕಾಂಡಕ್ಕೆ ಮಾತ್ರ ತಾಗಿಸಬಾರದು.

ಟೊಮೆಟೊ ಹೂ ಉದುರಿದರೆ ಗೊಬ್ಬರ ಸುರಿಯುವ ಚಾಳಿ ಹಲವರಿಗಿದೆ. ಹಗಲು 35 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗವೇ ಸರಿಯಾಗಿ ಕೆಲಸ ಮಾಡುವುದಿಲ್ಲ; ಗೊಬ್ಬರ ಏನು ಮಾಡೀತು? ಒಣಮಣ್ಣಿನಲ್ಲಿ ಅದರ ಲವಣ ಬೇರನ್ನೇ ಸುಡುತ್ತದೆ. ಕಾಯಿಯ ತಳ ಕಪ್ಪಾಗುತ್ತಿದ್ದರೂ ಮೊದಲು ಅನುಮಾನಿಸಬೇಕಾದ್ದು ನೀರನ್ನೇ. ಒಂದು ದಿನ ಉಪವಾಸ, ಒಂದು ದಿನ ಪ್ರವಾಹ ಅಂತ ಮಾಡಿದರೆ ಕ್ಯಾಲ್ಸಿಯಂ ಮಣ್ಣಿನಲ್ಲಿದ್ದರೂ ಕಾಯಿಗೆ ತಲುಪುವುದಿಲ್ಲ.

ಒಣ ಬಿಸಿಗೆ ಖುಷಿಪಡುವ ಜೀವ ಒಂದಿದೆ, ನುಸಿ. ಎಲೆಯ ಮೇಲೆ ಸೂಜಿಮೊನೆಯಷ್ಟು ಬಿಳಿಚು ಚುಕ್ಕೆ ಕಂಡರೆ, ಬಿಳಿ ಹಾಳೆ ಹಿಡಿದು ಎಲೆಯನ್ನು ತಟ್ಟಿ. ಬಿದ್ದ ಧೂಳಿನ ಕಣಗಳು ಹರಿದಾಡತೊಡಗಿದರೆ ಅದು ಧೂಳಲ್ಲ. ಎಲೆಯ ಅಡಿಗೆ ಪೈಪಿನಿಂದ ರಭಸವಾಗಿ ನೀರು ಬಿಟ್ಟರೆ ಬಹುಪಾಲು ತೊಳೆದುಹೋಗುತ್ತವೆ; ಬೇರೆ ಔಷಧಿಗೆ ಆತುರ ಬೇಡ. ಬಿಸಿಲಲ್ಲಿ ಎಲೆ ಒದ್ದೆಯಾದರೆ ಸುಟ್ಟುಹೋಗುತ್ತದೆ ಅನ್ನುವ ಭಯವೂ ಬಿಡಿ. ಹಂಗೇರಿಯ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನುಣುಪಾದ ಎಲೆಗಳು ನೀರಹನಿಯಿಂದ ಸುಡಲಿಲ್ಲ. ಹನಿಯನ್ನು ಮೇಲೆತ್ತಿ ಹಿಡಿಯುವ ರೋಮವಿರುವ ಎಲೆಗಳಿಗಷ್ಟೇ ಆ ಅಪಾಯ.

ನೀರೇ ಸಾಲದಾದರೆ? ಹೊಸದಾಗಿ ನೆಟ್ಟ ಸಸಿಗಳಿಗೆ ನನ್ನಲ್ಲಿ ಮೊದಲ ಪಾಲು, ಆಮೇಲೆ ಕಾಯಿ ಹಿಡಿದವು. ಸಾಬೂನು ತಾಗದ, ತರಕಾರಿ ತೊಳೆದ ನೀರೆಲ್ಲ ಅವಕ್ಕೇ. ಸೊಪ್ಪಿನ ಪಾತಿ ಒಣಗಿದರೆ ಒಣಗಲಿ, ಮಳೆ ಬಂದ ಮೇಲೆ ಮತ್ತೆ ಬಿತ್ತಬಹುದು. ಹುಲ್ಲುಹಾಸಿಗಂತೂ ನನ್ನಿಂದ ಹನಿ ನೀರು ಸಿಗುವುದಿಲ್ಲ.