ಊಟದ ಮೇಜಿನ ಮೇಲೆ ಹನ್ನೊಂದು ಕಡಲೆಕಾಯಿ

ಶಿಕಾಗೋಗೆ ಬಂದ ಮೊದಲ ಚಳಿಗಾಲದಲ್ಲಿ ಅಮೆರಿಕನ್ ಫುಟ್‌ಬಾಲ್ ನನ್ನ ಕಣ್ಣಿಗೆ ಬರೀ ನೂಕುನುಗ್ಗಲಾಗಿತ್ತು. ಅದರ ಒಳಹೊಕ್ಕು ನೋಡಲು ಕಲಿಸಿದವರು ನೆರೆಮನೆಯ ಹಿರಿಯರು. ಊರಿನ ತಂಡವಾದ ಬೇರ್ಸ್‌ನ 1985ರ ಮಾತು ಬಂದರೆ ಇಂದಿಗೂ ಅವರ ದನಿ ಏರುತ್ತದೆ.

ಒಂದು ಸಂಜೆ ಅವರು ನಮ್ಮ ಊಟದ ಮೇಜಿನ ಮೇಲೆ ಹುರಿದ ಕಡಲೆಕಾಯಿಗಳನ್ನು ಜೋಡಿಸಿ, ರಕ್ಷಣಾ ತರಬೇತುದಾರ ಬಡಿ ರಯಾನ್ ಕಟ್ಟಿದ ‘46’ ವ್ಯೂಹವನ್ನು ತೋರಿಸಿದರು. ಡಗ್ ಪ್ಲ್ಯಾಂಕ್ ಎಂಬ ಆಟಗಾರನ ಅಂಗಿಯ ಸಂಖ್ಯೆಯಿಂದ ಬಂದ ಹೆಸರದು. ಚೆಂಡು ಹಿಡಿದ ಎದುರಾಳಿಯ ಮುಂಸಾಲಿನ ನಡುವಿನ ಮೂವರಿಗೆ ಮುಖಾಮುಖಿಯಾಗಿ ಮೂರು ಕಾಯಿ. ಒಂದೇ ಪಕ್ಕದಲ್ಲಿ, ಸಾಮಾನ್ಯವಾಗಿ ಮುಂಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗಳಲ್ಲಿ ಇಬ್ಬರು. ಹಿಂದೆ ಕಾವಲಿರಬೇಕಾದ ಸೇಫ್ಟಿ ಕೂಡ ಮುಂದಕ್ಕೆ. ಹನ್ನೊಂದರಲ್ಲಿ ಎಂಟು ಕಾಯಿ ಮುಂಭಾಗದಲ್ಲೇ! “ಈಗ ಯಾರು ಯಾರ ನೆರವಿಗೆ ಹೋದಾರು, ಹೇಳಿ” ಎಂದರು. ಬಗ್ಗಿ ನೋಡಿದೆ. ಆ ಮೂವರಲ್ಲಿ ಯಾರಿಗೂ ಪಕ್ಕದವನ ಕಡೆ ತಿರುಗಲು ಬಿಡುವಿರಲಿಲ್ಲ.

ಆಟ ನನಗೆ ಅರ್ಥವಾದದ್ದು ಆ ಗಳಿಗೆಯಲ್ಲಿ. ಒಬ್ಬನಿಗೆ ಒಬ್ಬನೇ ಎದುರಾಗುವಂತೆ ಮಾಡುವುದಷ್ಟೇ ವ್ಯೂಹದ ಕೆಲಸ. ಅಲ್ಲಿಂದಾಚೆಗೆ ತೋಳಿನ ಕಸುವು ಬೇಕು. ಅದಕ್ಕೆ ಡ್ಯಾನ್ ಹ್ಯಾಂಪ್ಟನ್ ಇದ್ದರು, ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವಾಗ ಎಂಟನೇ ಸುತ್ತಿನವರೆಗೂ ಯಾರೂ ಕೇಳದ ರಿಚರ್ಡ್ ಡೆಂಟ್ ಇದ್ದರು, ನಡುವೆ ನಿಂತು ಎದುರಾಳಿಯ ಮನಸ್ಸನ್ನೇ ಓದುವ ಮೈಕ್ ಸಿಂಗಲ್ಟರಿ ಇದ್ದರು. ಋತುವಿನ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್‌ನಲ್ಲಿ ಬೇರ್ಸ್ ಗೆದ್ದದ್ದು ಜೈಂಟ್ಸ್ ವಿರುದ್ಧ 21-0, ರ‍್ಯಾಮ್ಸ್ ವಿರುದ್ಧ 24-0, ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಪೇಟ್ರಿಯಟ್ಸ್ ವಿರುದ್ಧ 46-10. ಆ ಕೊನೆಯ ಪಂದ್ಯದಲ್ಲಿ ಪೇಟ್ರಿಯಟ್ಸ್ ಚೆಂಡು ಹಿಡಿದು ಓಡಿ ಗಳಿಸಿದ್ದು ಒಟ್ಟು 7 ಗಜ.

ಆ ವರ್ಷ ಬೇರ್ಸ್ ಸೋತದ್ದು ಮಯಾಮಿಯಲ್ಲಿ ಮಾತ್ರ, 38-24ರಿಂದ. ಅಲ್ಲಿನ ತಂಡದ ಚೆಂಡೆಸೆಯುವ ಆಟಗಾರ ಡ್ಯಾನ್ ಮರೀನೋ ಚೆಂಡನ್ನು ಕೈಯಲ್ಲಿ ಇಟ್ಟುಕೊಳ್ಳುತ್ತಲೇ ಇರಲಿಲ್ಲ; ನುಗ್ಗಿದವರು ತಲುಪುವಷ್ಟರಲ್ಲಿ ಅದು ಅವರು ಬಿಟ್ಟುಬಂದ ಜಾಗದಲ್ಲಿದ್ದ ಮರೀನೋ ಜೊತೆಗಾರನ ಕೈ ಸೇರಿರುತ್ತಿತ್ತು.

ಮರುವರ್ಷ ರಯಾನ್ ಫಿಲಡೆಲ್ಫಿಯಾ ತಂಡಕ್ಕೆ ಮುಖ್ಯ ತರಬೇತುದಾರರಾಗಿ ಹೋದರು. ಅವರಿಲ್ಲದ ಬೇರ್ಸ್ ಬಿಟ್ಟುಕೊಟ್ಟದ್ದು 187 ಅಂಕ, 1985ರ 198ಕ್ಕಿಂತಲೂ ಕಡಿಮೆ! ರಯಾನ್ ಹೊಸ ತಂಡದೊಂದಿಗೆ ಗೆದ್ದದ್ದು ಐದೇ ಪಂದ್ಯ. “ನೋಡಿದಿರಾ, ಆಟಗಾರರೇ ಎಲ್ಲ” ಎನ್ನುತ್ತಾರೆ ನೆರೆಯವರು. ನಾನು ಒಪ್ಪುವುದಿಲ್ಲ. ರಯಾನ್ ಶಿಕಾಗೋಗೆ ಬಂದದ್ದು 1978ರಲ್ಲಿ. ಆ ಹುಡುಗರು ಪಳಗಿದ್ದೇ ಅವರ ಕೈಯಲ್ಲಿ. ಗುರು ಊರು ಬಿಟ್ಟ ಮಾತ್ರಕ್ಕೆ ಕೈಗೆ ಹತ್ತಿದ ಪಾಠ ಹೋಗುತ್ತದೆಯೇ? ಸೂಪರ್ ಬೌಲ್ ಗೆದ್ದ ದಿನ ಮುಖ್ಯ ತರಬೇತುದಾರ ಮೈಕ್ ಡಿಟ್ಕಾ ಒಬ್ಬರನ್ನೇ ಅಲ್ಲ, ರಯಾನ್ ಅವರನ್ನೂ ಆಟಗಾರರು ಹೆಗಲ ಮೇಲೆ ಹೊತ್ತು ಮೈದಾನದಿಂದ ಕರೆತಂದರು.