ಆನೆ ಗೊತ್ತು ಮೇಡಂ

"ಆನೆ ಗೊತ್ತು ಮೇಡಂ. ಒತ್ತಕ್ಷರ ಹೇಳ್ಕೊಡಿ."

ಶನಿವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ, ರಾತ್ರಿ ಲೈಟ್ ಆರಿಸಿದ ಮೇಲೂ ಅದೇ.

ಡಿಸ್‌ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಓದು-ಬರಹ ಮಾತ್ರ ತೊಡಕಾಗುವ ತೊಂದರೆ, ಇರುವ ದೊಡ್ಡವರಿಗೆ ಓದು ಕಲಿಸುವುದು ಹೇಗೆ ಅಂತ ನಮ್ಮಂಥ ಟೀಚರುಗಳಿಗೆ ಜಯನಗರದಲ್ಲಿ ನಾಲ್ಕು ಶನಿವಾರದ ತರಬೇತಿ. 26 ವರ್ಷ ಕನ್ನಡ ಪಾಠ ಮಾಡಿ ರಿಟೈರ್ ಆದವಳು ನಾನು. ಇದರಲ್ಲಿ ನನಗೆ ಹೊಸದೇನಿರುತ್ತೆ ಅನ್ನೋ ಜಂಬ ಇತ್ತು. ತರಬೇತಿ ಕೊಡುವ ಹುಡುಗಿ ನನ್ನ ಮಗಳಿಗಿಂತ ಚಿಕ್ಕವಳು, ಮಾತು ವಿಪರೀತ ಸ್ಪೀಡು. ಆದರೆ ವಿಷಯ ಗೊತ್ತಿದೆ, ಒಪ್ಪಲೇಬೇಕು. ದೊಡ್ಡವರ ಮುಂದೆ ಮಕ್ಕಳ ಪುಸ್ತಕ ಇಡಬೇಡಿ ಅಂತ ಮೊದಲ ದಿನವೇ ಹೇಳಿದ್ದಳು. ನಾನು ಅದನ್ನು ಬರೆದುಕೊಂಡು ಕೆಳಗೆ ಗೆರೆ ಬೇರೆ ಎಳೆದಿದ್ದೆ.

ಮೂರನೇ ಶನಿವಾರ ಕಲಿಯುವವರೇ ಬಂದರು. ನನ್ನ ಪಾಲಿಗೆ ಒಬ್ಬ ಎಲೆಕ್ಟ್ರಿಷಿಯನ್. ವಯಸ್ಸು 38, ಶರ್ಟಿನ ಜೇಬಲ್ಲಿ ಟೆಸ್ಟರ್. ನಾನು ತಟ್ಟೆಯಲ್ಲಿ ರವೆ ಹರಡಿ, "ನೋಡಪ್ಪಾ, ಆ... ಆನೆ" ಅಂದೆ. ಅಭ್ಯಾಸಬಲ! ಅವರು ಸಿಟ್ಟಾಗಲಿಲ್ಲ. ರವೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಆ ಮಾತು ಹೇಳಿದರು.

ಬೆರಳಲ್ಲಿ ಬರೆದು, ಬಾಯಲ್ಲಿ ಹೇಳಿ, ಕಿವಿಯಲ್ಲಿ ಕೇಳಿ ಕಲಿಯುವ ಈ ಕ್ರಮ 1930ರ ದಶಕದಲ್ಲಿ ಅಮೆರಿಕದ ಆರ್ಟನ್, ಗಿಲ್ಲಿಂಗ್‌ಹ್ಯಾಮ್ ಅನ್ನುವ ಇಬ್ಬರಿಂದ ಬಂದದ್ದು. ನಾವೂ ಅಕ್ಷರಾಭ್ಯಾಸದ ದಿನ ಅಕ್ಕಿಯಲ್ಲಿ ಬರೆಸುತ್ತೇವಲ್ಲ. ಏನು ಮಾಡೋದು, ಫೋಟೊ ತೆಗೆದ ಮೇಲೆ ಅಕ್ಕಿ ಎತ್ತಿಟ್ಟುಬಿಡುತ್ತೇವೆ.

ವಿಚಾರಿಸಿದರೆ, ಅವರಿಗೆ ಬಸ್ಸಿನ ಬೋರ್ಡಲ್ಲಿ ಜಯನಗರ, ರಾಜಾಜಿನಗರ, ಕೋರಮಂಗಲ ಎಲ್ಲಾ ನಿಧಾನಕ್ಕೆ ಬರುತ್ತೆ. ಚಿಕ್ಕಪೇಟೆ, ಮಲ್ಲೇಶ್ವರ ಅಂದರೆ ಮುಗೀತು. "ಕೂಡಿಸಿ ಓದೋಷ್ಟರಲ್ಲಿ ಬಸ್ಸು ಹೋಗಿರುತ್ತೆ ಮೇಡಂ." ಮನೆ ಇರೋದು ವಿಲ್ಸನ್ ಗಾರ್ಡನ್‌ನಲ್ಲಿ. ಆ ಹೆಸರು ಓದೋಕೆ ಇವತ್ತಿಗೂ ಆಗಿಲ್ಲ.

ಸ್ಕೂಲಲ್ಲಿ ಮೇಷ್ಟ್ರು ಇವರನ್ನು ದಂಡಪಿಂಡ ಅಂತಿದ್ದರಂತೆ. ಆ ಮೇಷ್ಟ್ರನ್ನು ಮನಸ್ಸಲ್ಲೇ ಬೈದುಕೊಂಡೆ. ಆಮೇಲೆ ನನ್ನ ಕ್ಲಾಸಿನ ಒಬ್ಬ ಹುಡುಗ ನೆನಪಾದ. ಓದುವ ಸರದಿ ಬಂದಾಗಲೆಲ್ಲ ನೀರು ಕುಡಿಯೋಕೆ ಹೋಗುತ್ತಿದ್ದ. ಅವನ ಪ್ರೋಗ್ರೆಸ್ ಕಾರ್ಡಿನಲ್ಲಿ ಕೆಂಪು ಇಂಕಿನಲ್ಲಿ 'ಗಮನ ಸಾಲದು' ಅಂತ ಬರೆದವಳು ನಾನೇ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು ಏಳೇ ಬಗೆ. ಕಲಿಕೆಯ ಈ ತೊಂದರೆ ಅದರಲ್ಲಿ ಇರಲಿಲ್ಲ. 2016ರ ಕಾಯ್ದೆ ಬಂದು ಪಟ್ಟಿ 21 ಆದಾಗ ಸೇರಿತು. ನಮಗೆ ಯಾರೂ ಹೇಳಿರಲಿಲ್ಲ ಅಂತ ಜಾರಿಕೊಳ್ಳಬಹುದು. ಆದರೆ ಅಷ್ಟೊಂದು ಬಾಯಾರಿಕೆ ಯಾಕೆ ಅಂತ ಕೇಳೋಕೆ ಕಾಯ್ದೆ ಬೇಕಿತ್ತಾ?

ರವೆ ತಟ್ಟೆ ಪಕ್ಕಕ್ಕಿಟ್ಟು ಹಾಳೆಯಲ್ಲಿ 'ಮೆಜೆಸ್ಟಿಕ್' ಬರೆದೆ. ಅವರು "ಮೆ, ಜೆ, ಸಿ, ಟ" ಅಂದರು. ತಪ್ಪೇನಿಲ್ಲ ನೋಡಿ! 'ಇ' ಸ್ವರದ ಗುಡಿಸು ಕೂತಿರೋದು ಸ ಮೇಲೆ, ಸದ್ದು ಬರೋದು ಮಾತ್ರ ಕೆಳಗಿನ ಟ ಜೊತೆ. ಇಷ್ಟು ವರ್ಷ ಕಲಿಸಿದ ನನಗೆ ಇದು ವಿಚಿತ್ರ ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ತೊದಲುತ್ತಾ ವಿವರಿಸಿದೆ. ಅವರು ಟೆಸ್ಟರ್ ತೆಗೆದು ಅದರ ತುದಿಯನ್ನು ಗುಡಿಸಿನ ಮೇಲಿಟ್ಟರು. ಹಾಗೇ ಒತ್ತಿಗೆ ಇಳಿಸಿದರು.

"ಅಂದ್ರೆ ಸ್ವಿಚ್ ಮೇಲೆ, ಲೈಟ್ ಕೆಳಗೆ."

ಹೂಂ ಅಂದೆ. ಅದನ್ನೂ ಬರೆದುಕೊಂಡೆ. ಹುಮ್ಮಸ್ಸು ಜಾಸ್ತಿಯಾಗಿ 'ಗಾರ್ಡನ್' ಬರೆದು, ಡ ಆದಮೇಲೆ ಇರೋ ಅರ್ಕಾವತ್ತನ್ನ ಡಗಿಂತ ಮೊದಲೇ ಹೇಳಬೇಕು ಅಂದೆ. ತುಂಬಾ ಹೊತ್ತು ನೋಡಿದರು.

"ಇದನ್ನ ಯಾರೋ ಉಲ್ಟಾ ವೈರಿಂಗ್ ಮಾಡಿದಾರೆ ಮೇಡಂ."