ಮೂರನೇ ರೋಲರ್: ಒಂದು ಸ್ಕೀ ಕ್ರಾಸ್ ಸೀಸನ್‌ನ ಡೈರಿ

ನವೆಂಬರ್, ಎರಡನೇ ವಾರ

ಹೋದ ಸೀಸನ್‌ನ ಲೆಕ್ಕ ಹಾಕಿ ನೋಡಿದೆ. ಒಟ್ಟು 8 ರೇಸ್. ಅರ್ಹತಾ ಸುತ್ತಿನಲ್ಲಿ 5 ಸಲ ಮೊದಲ ಆರರೊಳಗೆ ಇದ್ದೆ. ಆ ಐದರಲ್ಲಿ 4 ಸಲ ಕ್ವಾರ್ಟರ್ ಫೈನಲ್‌ನಲ್ಲೇ ಆಟ ಮುಗಿದಿತ್ತು.

ಸ್ಕೀ ಕ್ರಾಸ್ ನೋಡಿಲ್ಲದವರಿಗೆ ಒಂದೆರಡು ಮಾತು. ಸುಮಾರು ಒಂದು ಕಿಲೋಮೀಟರ್ ಉದ್ದದ ಇಳಿಜಾರು. ಅದರ ಮೇಲೆ ಹಿಮದಿಂದಲೇ ಕಟ್ಟಿದ ದಿಣ್ಣೆಗಳು, ಜಂಪ್‌ಗಳು, ಗೋಡೆಯಂತೆ ಓರೆಯಾಗಿ ಎದ್ದ ತಿರುವುಗಳು. ಸಾಲಾಗಿ ಬರುವ ಸಣ್ಣ ದಿಣ್ಣೆಗಳಿಗೆ ನಾವು ರೋಲರ್ ಅಂತೀವಿ. ಮೊದಲು ಒಬ್ಬೊಬ್ಬರೇ ಇಳಿದು ಸಮಯ ದಾಖಲಿಸಬೇಕು, ಅದು ಅರ್ಹತಾ ಸುತ್ತು. ನಾನು ಇಳಿಯುವ ರೇಸ್‌ಗಳಲ್ಲಿ ಅಲ್ಲಿಂದ 16 ಹುಡುಗಿಯರು ಮುಂದೆ ಹೋಗುತ್ತಾರೆ. ಆಮೇಲೆ ನಾಲ್ಕು ನಾಲ್ಕು ಜನರ ಹೀಟ್. ಮೊದಲ ಇಬ್ಬರು ಮುಂದಿನ ಸುತ್ತಿಗೆ, ಉಳಿದಿಬ್ಬರು ಜಾಕೆಟ್ ಹಾಕಿಕೊಂಡು ಪಕ್ಕಕ್ಕೆ. ಹೀಟ್ ಶುರುವಾದ ಮೇಲೆ ಗಡಿಯಾರವನ್ನು ಯಾರೂ ಕೇಳುವುದಿಲ್ಲ. ಯಾರು ಮೊದಲು ಗೆರೆ ದಾಟಿದರು ಅನ್ನುವುದಷ್ಟೇ.

ನನ್ನ ರೋಗ ಇದು: ಒಬ್ಬಳೇ ಇಳಿದರೆ ವೇಗ, ನಾಲ್ವರಿದ್ದರೆ ನಿಧಾನ.

ಕೋಚ್ ಬೇಸಿಗೆಯಲ್ಲೇ ವಿಡಿಯೋ ಹಾಕಿ ತೋರಿಸಿದ್ದರು. "ಕೆಳಗಡೆ ಎಲ್ಲಾ ಚೆನ್ನಾಗೇ ಇದ್ದೀಯ. ಗೇಟಿನಿಂದ ಮೂರನೇ ರೋಲರ್‌ವರೆಗೆ ಮಾತ್ರ ನೋಡು" ಅಂದರು. ನೋಡಿದೆ. ಹೆಚ್ಚೆಂದರೆ ಮೂರು ಸೆಕೆಂಡಿನ ದಾರಿ. ಪ್ರತಿ ಹೀಟ್‌ನಲ್ಲೂ ಮೂರನೇ ರೋಲರ್ ಹತ್ತುವ ಹೊತ್ತಿಗೆ ನನ್ನ ಸ್ಕೀಯ ತುದಿ ಪಕ್ಕದವಳ ಬೂಟಿನ ಹತ್ತಿರ ಇರುತ್ತದೆ. ಅಂದರೆ ಅರ್ಧ ಸ್ಕೀ ಉದ್ದ ಹಿಂದೆ. ಒಬ್ಬಳೇ ಇಳಿಯುವಾಗ ಅಷ್ಟು ಕಳೆದುಕೊಂಡರೂ ಕೆಳಗಿನ ತಿರುವುಗಳಲ್ಲಿ ಗಳಿಸಿಕೊಳ್ಳಬಹುದು. ಹೀಟ್‌ನಲ್ಲಿ ಅಷ್ಟು ಹಿಂದೆ ಬಿದ್ದರೆ ಮೊದಲ ತಿರುವಿನ ಒಳಗಿನ ಜಾಗ ಬೇರೆಯವರದ್ದು. ಅವರ ಹಿಂದೆ ನಾನು ವೇಗ ಕಡಿಮೆ ಮಾಡಲೇಬೇಕು.

ಹಾಗಾಗಿ ಈ ಸೀಸನ್‌ಗೆ ಒಂದೇ ಕೆಲಸ. ಸ್ಟಾರ್ಟ್ ಸರಿಮಾಡುವುದು.

ನವೆಂಬರ್, ಕೊನೆಯ ವಾರ

ಇವತ್ತು 22 ಸ್ಟಾರ್ಟ್. ನಿನ್ನೆ 18. ಅಂಗೈ ಸುಲಿದಿದೆ.

ಗೇಟಿನ ಎರಡೂ ಬದಿಗೆ ಹಿಡಿಗಳಿರುತ್ತವೆ. ಕೋಲುಗಳನ್ನು ಕೈಯಲ್ಲಿ ಇಟ್ಟುಕೊಂಡೇ ಅವನ್ನು ಹಿಡಿದು, ಮೈಯನ್ನು ಹಿಂದಕ್ಕೆ ಜಗ್ಗಿ, ಮುಂದಕ್ಕೆ ಎಸೆದುಕೊಳ್ಳಬೇಕು. ಸ್ಟಾರ್ಟರ್ ಎಚ್ಚರಿಕೆ ಕೊಟ್ಟ ಮೇಲೆ ಗೇಟ್ ಯಾವ ಗಳಿಗೆಯಲ್ಲಿ ಬೀಳುತ್ತದೋ ಗೊತ್ತಿರುವುದಿಲ್ಲ. ಬೇಗ ಎಳೆದರೆ ಮುಚ್ಚಿದ ಗೇಟಿಗೆ ಸ್ಕೀ ಬಡಿದು ಅಲ್ಲೇ ನಿಲ್ಲುತ್ತೀರಿ. ತಡವಾದರೆ ಉಳಿದ ಮೂವರ ಬೆನ್ನು ಕಾಣುತ್ತದೆ.

ಆದರೆ ನನ್ನ ತೊಂದರೆ ಗೇಟಿನಲ್ಲಿ ಇರಲೇ ಇಲ್ಲ. ಎಳೆಯುವುದು ಚೆನ್ನಾಗಿಯೇ ಇದೆ. ಮೊದಲ ಎರಡು ರೋಲರ್ ಕೂಡ. ರೋಲರ್ ಮೇಲೆ ವೇಗ ಹುಟ್ಟಿಸುವುದು ಉಯ್ಯಾಲೆ ಜೀಕಿದ ಹಾಗೆ. ಹತ್ತುವಾಗ ಮೊಣಕಾಲನ್ನು ಎದೆಯ ಕಡೆ ಎಳೆದುಕೊಳ್ಳಬೇಕು, ಇಳಿಯುವಾಗ ಕಾಲು ಚಾಚಿ ಹಿಮವನ್ನು ಒತ್ತಬೇಕು. ಕಣ್ಣಿನ ರೆಪ್ಪೆ ಬಡಿಯುವಷ್ಟು ಹೊತ್ತು ತಡವಾದರೂ ಜೀಕು ತಪ್ಪಿ, ದಿಣ್ಣೆ ನಮ್ಮನ್ನೇ ಮೇಲಕ್ಕೆ ಎಸೆಯುತ್ತದೆ. ಸ್ಕೀ ಗಾಳಿಯಲ್ಲಿದ್ದಾಗ ಒತ್ತುವುದು ಯಾವುದನ್ನು?

ಮೂರನೇ ರೋಲರ್‌ನಲ್ಲಿ ನನ್ನ ಜೀಕು ತಪ್ಪುತ್ತಿತ್ತು. ಅದೂ ಹೀಟ್‌ನಲ್ಲಿ ಮಾತ್ರ. ಯಾಕೆ ಅಂತ ಕಂಡುಹಿಡಿದವಳು ನನ್ನ ರೂಮ್‌ಮೇಟ್. ವಿಡಿಯೋ ನೋಡುತ್ತಾ ಹಾಸಿಗೆ ಮೇಲೆ ಬಿದ್ದುಕೊಂಡಿದ್ದಳು. "ಏ, ನಿನ್ನ ಹೆಲ್ಮೆಟ್ಟಿನ ಸ್ಟಿಕ್ಕರ್ ಕಾಣ್ತಾ ಇದೆ ನೋಡು" ಅಂದಳು. ಆ ಸ್ಟಿಕ್ಕರ್ ಇರುವುದು ಹೆಲ್ಮೆಟ್ಟಿನ ಎಡಗಡೆ, ಕಿವಿಯ ಮೇಲೆ. ಕ್ಯಾಮೆರಾ ಇರುವುದು ಎದುರಿಗೆ. ಮೂರನೇ ರೋಲರ್ ಹತ್ತುವಾಗ ನಾನು ತಲೆ ಬಲಕ್ಕೆ ತಿರುಗಿಸಿ ಪಕ್ಕದವಳು ಎಲ್ಲಿದ್ದಾಳೆ ಅಂತ ನೋಡುತ್ತಿದ್ದೆ! ಹೀಟ್ ಹೀಟ್‌ಗೂ ಸ್ಟಿಕ್ಕರ್ ಹಾಜರ್. ಅರ್ಹತಾ ಸುತ್ತಿನ ವಿಡಿಯೋಗಳಲ್ಲಿ ಒಂದರಲ್ಲೂ ಇಲ್ಲ. ಪಕ್ಕದಲ್ಲಿ ಯಾರೂ ಇಲ್ಲವಲ್ಲ.

ಇಡೀ ಬೇಸಿಗೆ ಭಾರ ಎತ್ತಿದ್ದು ಯಾವುದಕ್ಕೆ ಅಂತ ಸ್ವಲ್ಪ ಹೊತ್ತು ಬೆಪ್ಪಾಗಿ ಕೂತಿದ್ದೆ.

ಡಿಸೆಂಬರ್, ಮೊದಲ ರೇಸ್

ಅರ್ಹತೆಯಲ್ಲಿ 5ನೇ ಸ್ಥಾನ. ಕ್ವಾರ್ಟರ್ ಫೈನಲ್‌ನಲ್ಲಿ ಹಸಿರು ಬಿಬ್, ಅಂದರೆ ಹೀಟ್‌ನಲ್ಲಿ ಯಾರು ಯಾರು ಅಂತ ಗುರುತಿಸುವ ಬಣ್ಣದ ಮೇಲಂಗಿ. ಮೂರನೇ ರೋಲರ್ ಬರುವಾಗ ಹಲ್ಲು ಕಚ್ಚಿ ನೇರವಾಗಿ ನೋಡಿದೆ. ಮೊದಲ ತಿರುವಿಗೆ ಎರಡನೆಯವಳಾಗಿ ಹೊಕ್ಕೆ, ಕೆಳಗಿನವರೆಗೂ ಹಾಗೇ ಬಂದೆ. ಸೆಮಿಫೈನಲ್‌ನಲ್ಲಿ ಮೂರನೆಯವಳಾದೆ. ಸೆಮಿಯಲ್ಲಿ ಸೋತ ನಾಲ್ವರಿಗೆ ಸಣ್ಣ ಫೈನಲ್ ಇರುತ್ತದೆ, 5ರಿಂದ 8ರವರೆಗಿನ ಸ್ಥಾನ ಅಲ್ಲಿ ತೀರ್ಮಾನ. ಅದರಲ್ಲೂ ಮೂರನೆಯವಳಾಗಿ ಒಟ್ಟು 7ನೇ ಸ್ಥಾನ. 36 ಅಂಕ.

ರಾತ್ರಿ ವಿಡಿಯೋ ನೋಡಿದೆವು. ಸ್ಟಿಕ್ಕರ್ ಕಾಣಲಿಲ್ಲ.

ಡಿಸೆಂಬರ್, ಎರಡನೇ ರೇಸ್

ಇದನ್ನು ಬರೆಯಲು ಮೂರು ದಿನ ಬೇಕಾಯಿತು.

ಕ್ವಾರ್ಟರ್ ಫೈನಲ್. ಸ್ಟಾರ್ಟ್ ಚೆನ್ನಾಗಿತ್ತು, ಆದರೂ ಮೂರನೆಯವಳಾಗಿದ್ದೆ. ನಡುವೆ ಒಂದು ದೊಡ್ಡ ಎಡ ತಿರುವು. ನನ್ನ ಮುಂದಿದ್ದವಳು ಸ್ವಲ್ಪ ಅಗಲಕ್ಕೆ ಹೋದಳು. ಒಳಗೆ ಜಾಗ ತೆರೆದುಕೊಂಡಿತು. ನುಗ್ಗಿದೆ. ತಿರುವಿನ ಕೊನೆಯಲ್ಲಿ ಅವಳು ತನ್ನ ದಾರಿಗೆ ವಾಪಸ್ ಬಂದಳು, ನಾನು ಆಗಲೇ ಅಲ್ಲಿದ್ದೆ. ಸ್ಕೀ ಮೇಲೆ ಸ್ಕೀ ಹತ್ತಿದ ಕಟಕಟ ಸದ್ದು ಕೇಳಿತು. ಅವಳು ಕೋರ್ಸ್ ಅಂಚಿನ ಬಲೆಗೆ ಹೋಗಿ ಬಿದ್ದಳು. ನಾನು ಎರಡನೆಯವಳಾಗಿ ಗೆರೆ ದಾಟಿದೆ. ಅವಳಿಗೆ ಏನೂ ಆಗಲಿಲ್ಲ, ಎದ್ದು ತಾನೇ ಇಳಿದು ಬಂದಳು.

ಹತ್ತು ನಿಮಿಷದ ಮೇಲೆ ತೀರ್ಪು ಬಂತು. ನನಗೆ ಕೊನೆಯ ಸ್ಥಾನ.

ನಮ್ಮ ಆಟದಲ್ಲಿ ಮೈ ತಾಗುವುದು ಮಾಮೂಲು. ನಾಲ್ವರು ಒಂದೇ ದಾರಿಗೆ ಬಿದ್ದು ಓಡುವಾಗ ತಾಗದೆ ಇರುತ್ತದೆಯೇ? ಬೇಕಂತ ತಳ್ಳುವುದು, ಅಡ್ಡ ಹಾಕುವುದು ತಪ್ಪು. ಇವೆರಡರ ನಡುವಿನ ಗೆರೆ ಎಲ್ಲಿದೆ ಅನ್ನುವುದೇ ಜಗಳ. 2022ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಫ್ಯಾನಿ ಸ್ಮಿತ್ ಮೂರನೆಯವರಾಗಿ ಗೆರೆ ದಾಟಿದರು. ಜರ್ಮನಿಯ ಡ್ಯಾನಿಯೆಲಾ ಮೇಯರ್‌ಗೆ ತಾಗಿಸಿದರು ಅಂತ ತೀರ್ಪುಗಾರರು ಅವರನ್ನು ನಾಲ್ಕನೆಯ ಸ್ಥಾನಕ್ಕೆ ಇಳಿಸಿ, ಕಂಚನ್ನು ಮೇಯರ್‌ಗೆ ಕೊಟ್ಟರು. ಆಮೇಲೆ ಮೇಲ್ಮನವಿ, ಅದರ ಮೇಲೊಂದು ಮೇಲ್ಮನವಿ. ಕೊನೆಗೆ ಆ ವರ್ಷದ ಡಿಸೆಂಬರ್‌ನಲ್ಲಿ ಇಬ್ಬರಿಗೂ ಕಂಚು ಅಂತಾಯಿತು. ಅಷ್ಟೆಲ್ಲಾ ಕ್ಯಾಮೆರಾ ಇಟ್ಟುಕೊಂಡೂ ಹತ್ತು ತಿಂಗಳು ಹಿಡಿಯಿತು.

ನನ್ನದು ಅಷ್ಟು ಕಷ್ಟದ ಪ್ರಕರಣ ಅಲ್ಲ. ವಿಡಿಯೋ ಮೂರು ಸಲ ನೋಡಿದೆ. ಮೊದಲನೇ ಸಲ ಮೈ ಉರಿದುಹೋಯಿತು, ತೀರ್ಪುಗಾರರಿಗೆ ಕಣ್ಣಿಲ್ಲ ಅನ್ನಿಸಿತು. ಎರಡನೇ ಸಲ ಸುಮ್ನೆ ನೋಡಿದೆ. ಮೂರನೇ ಸಲ ನನ್ನ ಬಲ ಮೊಣಕೈ ಕಾಣಿಸಿತು. ಅವಳು ಹತ್ತಿರ ಬಂದಾಗ ಅದು ಮೈಗೆ ಅಂಟಿಕೊಂಡಿರಲಿಲ್ಲ, ಹೊರಗೆ ಚಾಚಿತ್ತು. ತಳ್ಳಿದೆನಾ? ನೆನಪಿನಲ್ಲಿ ಇಲ್ಲ. ವಿಡಿಯೋದಲ್ಲಿ ಇದೆ.

ಅವಳಿಗೆ ಮೆಸೇಜ್ ಮಾಡಿದೆ. ಒಂದು ಹೆಬ್ಬೆಟ್ಟು ಬಂತು, ಅಷ್ಟೇ.

ಜನವರಿ, ಮೊದಲ ವಾರ

ದಟ್ಟ ಮಂಜು. ಮೇಲಿನಿಂದ ಎರಡನೇ ರೋಲರ್ ಕೂಡ ಕಾಣುತ್ತಿಲ್ಲ. ರೇಸ್ ರದ್ದು. ಇಡೀ ದಿನ ಸ್ಕೀಗೆ ವ್ಯಾಕ್ಸ್ ಹಚ್ಚಿದೆ, ಕೆರೆದೆ, ಮತ್ತೆ ಹಚ್ಚಿದೆ. 2023-24ರ ಸೀಸನ್‌ನಿಂದ ಫ್ಲೋರಿನ್ ಇರುವ ವ್ಯಾಕ್ಸ್ ನಿಷೇಧ. ಅದು ಹಿಮದ ನೀರನ್ನು ಸ್ಕೀಗೆ ಅಂಟಲು ಬಿಡುತ್ತಿರಲಿಲ್ಲ, ಬೆಚ್ಚಗಿನ ಒದ್ದೆ ಹಿಮದ ದಿನ ಅದರ ಮುಂದೆ ಬೇರೆ ಯಾವುದೂ ಇಲ್ಲ. ಆದರೆ ಆ ರಾಸಾಯನಿಕ ಮಣ್ಣಿಗೆ, ನೀರಿಗೆ ಸೇರಿದರೆ ಸುಲಭಕ್ಕೆ ನಾಶವಾಗುವುದೇ ಇಲ್ಲ. ಈಗ ಒದ್ದೆ ಹಿಮದ ದಿನ ಸ್ಕೀ ತಳದಲ್ಲಿ ಕೊರೆದ ಸಣ್ಣ ಗೀರುಗಳೇ ಗತಿ.

ಜನವರಿ, ಮೂರನೇ ವಾರ

ತರಬೇತಿ. ರೇಸ್ ಕೂಡ ಅಲ್ಲ. ಆರನೇ ಓಟ, ಊಟಕ್ಕೆ ಮುಂಚಿನ ಕೊನೆಯದು.

ಬೆಳಗ್ಗೆಯಿಂದ ಹಿಮ ಗಟ್ಟಿಯಾಗುತ್ತಾ ಬಂದಿತ್ತು, ವೇಗವೂ ಹೆಚ್ಚಿತ್ತು. ನಾಲ್ಕನೇ ಜಂಪ್‌ನಲ್ಲಿ ನಾನು ಮಾತ್ರ ಐದನೇ ಓಟದಲ್ಲಿ ಮಾಡಿದ್ದನ್ನೇ ಮಾಡಿದೆ. ಇಳಿಜಾರಿನ ಮೇಲೆ ಇಳಿಯಬೇಕಿತ್ತು. ಅದನ್ನು ದಾಟಿ ಸಪಾಟು ಜಾಗಕ್ಕೆ ಬಿದ್ದೆ. ಗಾಳಿಯಲ್ಲಿದ್ದಾಗಲೇ ಗೊತ್ತಾಯಿತು, ಇಳಿಜಾರು ನನ್ನ ಕೆಳಗೆ ಹಿಂದಕ್ಕೆ ಜಾರಿ ಹೋಗುತ್ತಿತ್ತು. ಎಡ ಸ್ಕೀಯ ಒಳ ಅಂಚು ಕಚ್ಚಿಕೊಂಡಿತು, ಮೊಣಕಾಲು ಒಳಕ್ಕೆ ಮಡಿಚಿತು.

ಸ್ಕ್ಯಾನ್‌ನಲ್ಲಿ ಗೊತ್ತಾಗಿದ್ದು: ಒಳಬದಿಯ ಲಿಗಮೆಂಟ್ ಅರ್ಧ ಹರಿದಿದೆ. ಮಧ್ಯದ ದೊಡ್ಡ ಲಿಗಮೆಂಟ್ ಗಟ್ಟಿಯಾಗಿದೆ. ಆಪರೇಷನ್ ಬೇಡ. ಬ್ರೇಸ್ ಹಾಕಿಕೊಂಡು ಐದಾರು ವಾರ. ಫಿಸಿಯೋ "ಪುಣ್ಯ ಮಾಡಿದ್ದೀಯ" ಅಂದರು. ಪುಣ್ಯ ಮಾಡಿದವರು ಯಾರೂ ಮೆಟ್ಟಿಲನ್ನು ಕೂತುಕೊಂಡು ಇಳಿಯುವುದಿಲ್ಲ ಅಂತ ಹೇಳಬೇಕು ಅನ್ನಿಸಿತು. ಹೇಳಲಿಲ್ಲ.

ಫೆಬ್ರವರಿ

ಹಿಮ ಇಲ್ಲ. ಸೈಕಲ್, ಐಸ್, ಬ್ರೇಸ್, ಸೈಕಲ್.

ಕೆನಡಾದ ಮರಿಯೆಲ್ ಥಾಂಪ್ಸನ್ ಬಗ್ಗೆ ಜಾಸ್ತಿ ಯೋಚಿಸುತ್ತಿದ್ದೇನೆ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. 2017ರ ಅಕ್ಟೋಬರ್‌ನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು. ಮುಂದಿನ ಫೆಬ್ರವರಿಯ ಒಲಿಂಪಿಕ್ಸ್‌ಗೆ ಹೇಗೋ ಬಂದು ನಿಂತರು, ಹೀಟ್‌ಗಳ ಮೊದಲ ಸುತ್ತಿನಲ್ಲೇ ಬಿದ್ದರು. 2022ರಲ್ಲಿ ಬೆಳ್ಳಿ. ಇದನ್ನು ಎಲ್ಲರೂ ಹೇಳುವಾಗ ಚಿನ್ನ, ಗಾಯ, ಬೆಳ್ಳಿ ಅಂತ ಹೇಳಿ ಮುಗಿಸುತ್ತಾರೆ. ನನಗೆ ಗೊತ್ತಾಗಬೇಕಿರುವುದು ನಡುವಿನ ನಾಲ್ಕು ವರ್ಷದ ಮಾಮೂಲಿ ಮಂಗಳವಾರಗಳು ಹೇಗಿದ್ದವು ಅಂತ.

ಮಾಡಲು ಬೇರೆ ಕೆಲಸ ಇಲ್ಲವಲ್ಲ, ಹಳೆಯ ಹೀಟ್‌ಗಳನ್ನು ನೋಡುತ್ತಾ ಕೂತೆ. ಸ್ಟಾರ್ಟ್ ಅಲ್ಲ, ಈ ಸಲ ಕೊನೆಯ ಇಪ್ಪತ್ತು ಸೆಕೆಂಡು. ಒಂದು ವಿಷಯ ಕಣ್ಣಿಗೆ ಬಿತ್ತು. ಕೊನೆಯಲ್ಲಿ ಉದ್ದನೆಯ ನೇರ ದಾರಿ ಇರುವ ಕೋರ್ಸ್‌ಗಳಲ್ಲಿ ಮುಂದಿರುವವಳ ಪಾಡು ಅಷ್ಟೇನೂ ಸುಖದ್ದಲ್ಲ. ಗಾಳಿಯನ್ನು ಸೀಳುವ ಕೆಲಸ ಅವಳದ್ದು. ಹಿಂದಿನವಳು ಅವಳ ಬೆನ್ನಿಗೆ ಅಂಟಿಕೊಂಡು, ಗಾಳಿ ತಾಗದ ಜಾಗದಲ್ಲಿ ವೇಗ ಕೂಡಿಸಿಕೊಂಡು, ಕೊನೆಯ ಜಂಪ್‌ಗೆ ಮುಂಚೆ ಪಕ್ಕಕ್ಕೆ ಹೊರಳುತ್ತಾಳೆ. ಇದು ನನಗೆ ಗೊತ್ತಿಲ್ಲದ ವಿಷಯ ಏನಲ್ಲ. ಆದರೆ ನನ್ನ ಹೀಟ್‌ಗಳಲ್ಲಿ ನಾನು ಒಂದೇ ಒಂದು ಸಲವೂ ಮಾಡಿಲ್ಲ. ಹಿಂದೆ ಬಿದ್ದ ಕೂಡಲೇ ಗಾಬರಿಯಾಗಿ ಮೊದಲು ಕಂಡ ಸಂದಿಗೆ ನುಗ್ಗಿದ್ದೇನೆ. ಡಿಸೆಂಬರ್‌ನ ಮೊಣಕೈ ಅಲ್ಲಿಂದಲೇ ಬಂದದ್ದು.

ಮಾರ್ಚ್, ಎರಡನೇ ವಾರ

ವಾಪಸ್ ಬಂದೆ. ಅರ್ಹತೆಯಲ್ಲಿ 14. ಮೊಣಕಾಲನ್ನು ನಂಬಿ ಜಂಪ್‌ಗೆ ಹೋಗಲು ಇನ್ನೂ ಆಗುತ್ತಿಲ್ಲ. ಹೀಟ್‌ನಲ್ಲಿ ಹಳದಿ ಬಿಬ್, ಅಂದರೆ ನಾಲ್ವರಲ್ಲಿ ಅರ್ಹತೆಯ ಸಮಯ ಎಲ್ಲರಿಗಿಂತ ಕೆಳಗೆ. ಗೇಟ್ ಆರಿಸುವ ಸರದಿಯಲ್ಲೂ ಕೊನೆ. ಉಳಿದದ್ದು ಅಂಚಿನ ಗೇಟ್, ಮೊದಲ ತಿರುವಿಗೆ ಎಲ್ಲಕ್ಕಿಂತ ದೂರ.

ಕ್ವಾರ್ಟರ್ ಫೈನಲ್‌ನಲ್ಲಿ ಮೊದಲ ತಿರುವಿಗೆ ಬಂದಾಗ ನಾಲ್ಕನೆಯವಳು. ಎದೆ ಡಬಡಬ. ಒಳಗೆ ಒಂದು ಸಂದಿ ಕಾಣಿಸಿತು, ಬಿಟ್ಟೆ. ಇನ್ನೊಂದು ಕಾಣಿಸಿತು, ಅದನ್ನೂ ಬಿಟ್ಟೆ. ಮೂರನೆಯವಳ ಬೆನ್ನ ಹಿಂದೆ ಕುಕ್ಕರಗಾಲಿನಲ್ಲಿ ಕೂತೆ. ಅವಳ ಸ್ಕೀಯಿಂದ ಹಾರಿದ ಹಿಮ ಕನ್ನಡಕಕ್ಕೆ ಬಡಿಯುತ್ತಿತ್ತು, ಆದರೆ ಕಿವಿಯಲ್ಲಿ ಗಾಳಿಯ ಸದ್ದು ಇದ್ದಕ್ಕಿದ್ದಂತೆ ಇಳಿಯಿತು. ಅಷ್ಟು ಹತ್ತಿರ ಇದ್ದೆ. ನೇರ ದಾರಿಯಲ್ಲಿ ಅವಳನ್ನು ದಾಟಿದೆ. ಕೊನೆಯ ಜಂಪ್‌ನಲ್ಲಿ ಎರಡನೆಯವಳು ಸ್ವಲ್ಪ ಜಾಸ್ತಿ ಹಾರಿದಳು, ನಾನು ತಗ್ಗಿ ಹಾರಿದೆ. ಎರಡನೆಯವಳಾಗಿ ಸೆಮಿಗೆ.

ಸೆಮಿಯಲ್ಲೂ ಹೀಗೇ, ಆದರೆ ಗೆರೆಯ ಹತ್ತಿರ ಇಬ್ಬರೂ ಒಟ್ಟಿಗೆ. ಮೈಯದ್ದಾಗಲಿ ಸ್ಕೀಯದ್ದಾಗಲಿ ಯಾವ ಭಾಗ ಮೊದಲು ಗೆರೆ ಮುಟ್ಟುತ್ತದೋ ಅದೇ ಲೆಕ್ಕ. ಅದಕ್ಕೇ ಎಲ್ಲರೂ ಕೊನೆಗೆ ಹಿಂದಕ್ಕೆ ಕೂತು ಸ್ಕೀಯನ್ನು ಮುಂದಕ್ಕೆ ತಳ್ಳುತ್ತಾರೆ. ಸೋಚಿಯ ಪುರುಷರ ಕ್ವಾರ್ಟರ್ ಫೈನಲ್‌ನಲ್ಲಿ ಮೂವರು ಬಿದ್ದುಕೊಂಡೇ ಗೆರೆ ದಾಟಿದ್ದರು, ರಷ್ಯಾದ ಎಗೋರ್ ಕೊರೊಟ್ಕೋವ್ ಮುಂದಿನ ಸುತ್ತಿಗೆ ಹೋಗಿದ್ದು ಫೋಟೋ ನೋಡಿದ ಮೇಲೆ. ನಾನು ಬೀಳಲಿಲ್ಲ, ಕೂತೆ. ಫೋಟೋದಲ್ಲಿ ನನ್ನ ಬಲ ಸ್ಕೀಯ ತುದಿ ಒಂದು ಗೇಣು ಮುಂದಿತ್ತು.

ಫೈನಲ್‌ನಲ್ಲಿ ಕಾಲು ಸೋತಿತ್ತು. ಮೂರನೇ ತಿರುವಿನಲ್ಲೇ ಹಿಂದೆ ಬಿದ್ದು ನಾಲ್ಕನೆಯವಳಾದೆ. 50 ಅಂಕ. ನನ್ನ ಈವರೆಗಿನ ಅತ್ಯುತ್ತಮ. ರೂಮ್‌ಮೇಟ್ ಕೆಳಗೆ ಕಾಯುತ್ತಿದ್ದಳು. "ಮೂರನೇ ರೋಲರ್‌ನಲ್ಲಿ ಎಲ್ಲಿ ನೋಡ್ತಿದ್ದೆ?" ಅಂದಳು. ನಿಜ ಹೇಳಬೇಕೆಂದರೆ ಆ ದಿನ ಮೂರನೇ ರೋಲರ್ ನೆನಪೇ ಆಗಿರಲಿಲ್ಲ.

ಮಾರ್ಚ್, ಕೊನೆಯ ರೇಸ್

ಅರ್ಹತೆಯಲ್ಲಿ 17. ಹದಿನಾರನೆಯವಳಿಗೂ ನನಗೂ ನಡುವೆ 0.04 ಸೆಕೆಂಡ್. ಹೀಟ್‌ಗಳನ್ನು ಬಲೆಯ ಹೊರಗೆ ನಿಂತು ನೋಡಿದೆ. ಹೋದ ವರ್ಷ ಕಣ್ಣು ಮುಚ್ಚಿಕೊಂಡು ದಾಟುತ್ತಿದ್ದ ಸುತ್ತು ಇದು! ನಾಲ್ವರ ಜೊತೆ ಇಳಿಯುವುದು ಕಲಿತ ಮೇಲೆ ಒಬ್ಬಳೇ ಇಳಿಯುವುದು ಮರೆತೆನಾ, ಅಥವಾ ಮೊಣಕಾಲಿನದ್ದೇ ಭಯವಾ? ಕೋಚ್ ಎರಡನೆಯದು ಅಂತಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ.

ಏಪ್ರಿಲ್

ಸ್ಕೀಗಳ ಅಂಚು ಒರೆಸಿ, ತಳಕ್ಕೆ ದಪ್ಪಗೆ ವ್ಯಾಕ್ಸ್ ಹಚ್ಚಿದೆ. ಬೇಸಿಗೆ ಪೂರ್ತಿ ಅದು ಹಾಗೇ ಇರಬೇಕು, ಕೆರೆಯಬಾರದು. ಎಡ ಸ್ಕೀಯ ಒಳ ಅಂಚಿನಲ್ಲಿ ಜನವರಿಯ ಕಚ್ಚು ಇನ್ನೂ ಇದೆ, ಉಗುರು ಸಿಕ್ಕಿಕೊಳ್ಳುವಷ್ಟು. ಅರ ಹಾಕಿ ಉಜ್ಜಿದೆ, ಪೂರ್ತಿ ಹೋಗಲಿಲ್ಲ. ಆ ಜೋಡಿಯನ್ನು ತರಬೇತಿಗೆ ಅಂತ ಬೇರೆ ಇಟ್ಟಿದ್ದೇನೆ.

ಫಿಸಿಯೋ ಹತ್ತಿರ ಗುರುವಾರ ಹೋಗಬೇಕು. ಅರ್ಹತಾ ಸುತ್ತಿನ ಎಲ್ಲಾ ವಿಡಿಯೋಗಳನ್ನೂ ರೂಮ್‌ಮೇಟ್‌ಗೆ ಕಳಿಸಿದ್ದೇನೆ, ಹಾಸಿಗೆ ಮೇಲೆ ಬಿದ್ದುಕೊಂಡು ನೋಡು ಅಂತ.